ನೀರುಕಾಯಮ್ಮನ ಒಳಗಿನ ಕಬ್ಬಿಣ

ನಾನು ಒಂದು ಗಿಡದ ಪಂಜರ. ಊರಿನವರು ನನ್ನಂಥವರನ್ನು ಟ್ರೀ ಗಾರ್ಡು ಎನ್ನುತ್ತಾರೆ. ರಸ್ತೆ ಬದಿಯ ಎಳೆ ಸಸಿಯನ್ನು ದನ, ಮೇಕೆ, ಸೈಕಲ್ಲುಗಳಿಂದ ಕಾಯುವುದು ನಮ್ಮ ಕೆಲಸ. ಸಸಿ ಗಟ್ಟಿಯಾದ ಮೇಲೆ ನಮ್ಮನ್ನು ಬಿಚ್ಚಿ ಇನ್ನೊಂದು ಸಸಿಗೆ ತೊಡಿಸಬೇಕು. ನನ್ನನ್ನು ಯಾರೂ ಬಿಚ್ಚಲಿಲ್ಲ. ಮುಂದೆ ಆದದ್ದೆಲ್ಲ ಆ ಒಂದು ಮರೆವಿನಿಂದ ಆಯಿತೆಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಯಾವ ಗಿಡ ನೆಡಬೇಕೆಂದು ಒಂದು ರಸ್ತೆಯ ಜನ ಕೂತು ಮಾತಾಡಿದ ಸಂಜೆಯೇ ಅದೆಲ್ಲ ಆಗಿಹೋಗಿತ್ತು.

ನಾನು ಹುಟ್ಟಿದ್ದು ತುಮಕೂರಿನ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ದಸ್ತಗೀರ್ ಸಾಬರು ಸರಳುಗಳನ್ನು ನಿಲ್ಲಿಸಿ, ಪಟ್ಟಿಯ ಮೂರು ಬಳೆಗಳನ್ನು ತೊಡಿಸಿ ಬೆಸೆದರು. ಮೊದಲ ಕಿಡಿಯ ಬಿಳಿ ಬೆಳಕು ನನಗೆ ಈಗಲೂ ನೆನಪಿದೆ. ಅಂಥ ಬೆಳಕು ಆಮೇಲೆ ನನ್ನ ಮೈಯಿಂದ ಚಿಮ್ಮಿದ್ದು ಒಂದೇ ಸಲ. ಹಸಿರು ಬಣ್ಣ ಒಣಗಿದ ಮೇಲೆ ನನ್ನ ಎದೆಗೆ ಒಂದು ದಪ್ಪ ತಗಡಿನ ಫಲಕ ಬಂತು. ನನ್ನನ್ನು ಮಾಡಿಸುತ್ತಿದ್ದ ಪುಟ್ಟರುದ್ರಯ್ಯನವರು ಅದಕ್ಕಾಗಿಯೇ ಶೆಡ್ಡಿನಲ್ಲಿ ಕೂತಿದ್ದರು. ಅವರು ಹಳೇಗಾಣದ ಅಡ್ಡರಸ್ತೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು.

"ಬಣ್ಣದಲ್ಲಿ ಬರೆದ್ರೆ ಎರಡು ಮಳೆಗೆ ಹೋಗ್ತದೆ ಸಾಬ್ರೇ. ಉಳೀಲಿ ಕೊರೀರಿ. ನಾನು ಹೋದ್ಮೇಲೂ ಹೆಸರು ಇರ್ಬೇಕು."

"ಹೆಸರು ಇರ್ತದೆ ಸ್ವಾಮಿ. ಗಿಡ ಇರ್ಬೇಕಲ್ಲ?" ಎಂದು ಸಾಬರು ನಕ್ಕರು. ಒಂದೊಂದೇ ಅಕ್ಷರವನ್ನು ಆಳವಾಗಿ ಕೊರೆದರು: ದಾನಿಗಳು ಪುಟ್ಟರುದ್ರಯ್ಯ.

ಅಂದು ಸಂಜೆ ಅವರ ಕಾಂಪೌಂಡಿಗೆ ಒರಗಿಕೊಂಡು ನಾನು ಆ ಸಭೆಯನ್ನು ಕೇಳಿದೆ. ರಸ್ತೆಯ ಕೊನೆಯ ಬಾಡಿಗೆ ಮನೆಯಲ್ಲಿದ್ದ ವಸುಮತಿ ಎಂಬ ಹೆಣ್ಣುಮಗಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅವರು ಗಿಡದ ಹೆಸರನ್ನೇ ಎತ್ತಲಿಲ್ಲ. ರಸ್ತೆ ಎಷ್ಟು ಅಗಲ, ಕರೆಂಟು ತಂತಿ ಯಾವ ಬದಿ, ಮೋರಿ ಎಲ್ಲಿ, ಮುಂಗಾರಿಗೆ ಮುಂಚಿನ ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ ಎಂದು ಕೇಳಿದರು. ಎಲ್ಲರಿಂದ ಉತ್ತರ ಬಂದ ಮೇಲೆ "ಹೊಂಗೆ ಹಾಕೋಣ" ಎಂದರು. ಅದರ ಬೇರು ಆಳಕ್ಕೆ ಇಳಿಯುತ್ತದೆ, ಕೊಂಬೆ ಸುಲಭಕ್ಕೆ ಮುರಿಯುವುದಿಲ್ಲ, ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ಬರುತ್ತದೆ ಎಂದು ವಿವರಿಸಿದರು.

"ಹೊಂಗೆ ಹೊಲದ ಬದೂಗೆ ಸರಿ ಮೇಡಂ. ನಮ್ ರಸ್ತೆಗೆ ಏನಾದ್ರೂ ಲಕ್ಷಣವಾಗಿರೋದು ಬೇಕು" ಎಂದರು ಪುಟ್ಟರುದ್ರಯ್ಯ. ಅವರು ಒಂದು ಬಂಗಲೆಯ ಅಂಗಳದಲ್ಲಿ ತುದಿಯೆಲ್ಲ ಕೆಂಪು ಹೂ ಹೊತ್ತು ನಿಂತ ಮರವನ್ನು ಕಂಡುಬಂದಿದ್ದರು. "ವರ್ಷಕ್ಕೆ ಆಳೆತ್ತರ ಬೆಳೀತದಂತೆ. ನೀರುಕಾಯಿ ಮರ ಅಂತಾರೆ."

ಅದರ ಕಂದು ಮೊಗ್ಗಿನ ತುದಿ ಚಿವುಟಿ ಒತ್ತಿದರೆ ಚಿರ್ರೆಂದು ನೀರು ಹಾರುತ್ತದೆ. ಅದಕ್ಕೇ ಆ ಹೆಸರು. ಮಕ್ಕಳು ಉಚ್ಚೆಕಾಯಿ ಮರ ಎಂದೂ ಕರೆಯುತ್ತಾರೆ.

"ಬಯಲಲ್ಲಿ ಅದು ಚೆಂದವೇ. ಆದ್ರೆ ಬೇರು ಮೇಲೆ ಮೇಲೇ ಹರಡುತ್ತೆ, ಮರ ಮೆದು, ಗಾಯ ಆದ್ರೆ ಬೇಗ ಕೊಳೆಯುತ್ತೆ. ಇಂಥ ಇಕ್ಕಟ್ಟು ರಸ್ತೆಗೆ ಬೇಡ" ಎಂದರು ವಸುಮತಿ.

"ಹೆಣ್ಣು ನೋಡೋಕೆ ಹೋದಂಗೆ ಮರ ನೋಡ್ತೀರಲ್ಲ ಮೇಡಂ!" ಎಂದು ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು.

"ಹೊಂದಾಣಿಕೆ ಆಗಲಿಲ್ಲ ಅಂದ್ರೆ ಹೆಣ್ಣಿಗೆ ತವರಾದರೂ ಇರುತ್ತೆ. ಮರ ಎಲ್ಲಿಗೆ ಹೋಗುತ್ತೆ?"

ಆ ಮಾತಿಗೂ ನಕ್ಕರು. ಮರುದಿನ ನೀರುಕಾಯಿ ಸಸಿ ಬಂತು. ನನ್ನನ್ನು ಅದರ ಸುತ್ತ ನಿಲ್ಲಿಸಿದರು.

ಸಸಿಯದೇನೂ ತಪ್ಪಿಲ್ಲ. ಕೊಟ್ಟ ಜಾಗದಲ್ಲಿ ತನಗೆ ತಿಳಿದ ಹಾಗೆ ಬೆಳೆಯಿತು, ಅಷ್ಟೇ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ನೆತ್ತಿ ದಾಟಿತು. ರಸ್ತೆಯವರು ವಸುಮತಿಯವರ ಮನೆಯ ಮುಂದೆ ನಿಂತು, ಅವರಿಗೆ ಕೇಳುವ ಹಾಗೆ, "ಹೊಂಗೆ ಆಗಿದ್ರೆ ಇನ್ನೂ ಮೊಳಕಾಲುದ್ದ ಇರ್ತಿತ್ತು" ಎನ್ನುತ್ತಿದ್ದರು. ವಸುಮತಿಯವರು ವರ್ಗವಾಗಿ ಬೇರೆ ಊರಿಗೆ ಹೋದರು. ನಾಲ್ಕನೆಯ ವರ್ಷ ಮರ ಹೂ ಬಿಟ್ಟಿತು. ಅಂಗೈಯಂತೆ ಬಾಗಿದ ದೊಡ್ಡ ಕೆಂಪು ಹೂಗಳು. ಕೆಳಗೆ ಉದುರಿದ ಹೂಗಳ ಬಟ್ಟಲಲ್ಲಿ ನಾನು ಸಣ್ಣ ಜೇನುನೊಣಗಳನ್ನು ಕಂಡೆ. ಕುಡಿಯಲು ಇಳಿದವು ಅಲ್ಲೇ ಸತ್ತಿದ್ದವು. ರಸ್ತೆ ಗುಡಿಸುವವರು ಹೂವಿನ ಜೊತೆ ಅವನ್ನೂ ಗುಡಿಸಿ ಮೋರಿಗೆ ತಳ್ಳಿದರು.

ನೆರಳು ಬಿದ್ದ ಮೇಲೆ ಚೆನ್ನಾಜಮ್ಮ ಬಂದಳು. ನನ್ನನ್ನು ನೆಟ್ಟ ದಿನ, ಹಿಂದಿನ ಓಣಿಗೆ ಹೊಸದಾಗಿ ಮದುವೆಯಾಗಿ ಬಂದಿದ್ದವಳು, ಕೊಡ ಹಿಡಿದು ನಿಂತು ನೋಡಿದ್ದಳು. ಹೂ ಮಾರುವವರಿಗೆ ನೆರಳೇ ಅಂಗಡಿ. ಬಿಸಿಲಲ್ಲಿ ಕೂತರೆ ಮಧ್ಯಾಹ್ನದೊಳಗೆ ಕಾಕಡ ಕಂದುತ್ತದೆ, ಮರುಗ ಮುದುಡುತ್ತದೆ. ಅವಳು ನನಗೆ ಬೆನ್ನು ಕೊಟ್ಟು, ಒದ್ದೆ ಗೋಣಿಯ ಮೇಲೆ ಹೂ ಹರವಿ, ಉಗುರಿನಿಂದ ತೊಟ್ಟು ಚಿವುಟುತ್ತ ಮಾಲೆ ಕಟ್ಟುತ್ತಿದ್ದಳು. ಮಗಳು ಸರೋಜಿ ಹುಟ್ಟಿದಾಗ ನನ್ನ ಮೇಲಿನ ಬಳೆಗೇ ಸೀರೆಯ ಜೋಲಿ ಕಟ್ಟಿದಳು. ನನ್ನ ಬದುಕಿನಲ್ಲಿ ನಾನು ಒಂದು ಜೀವವನ್ನು ನಿಜವಾಗಿ ಹೊತ್ತದ್ದು ಆಗ ಮಾತ್ರ.

ಅವಳಿಗಿದ್ದ ಕಾಟ ಒಂದೇ. ದಾರಿಯಲ್ಲಿ ಹೋಗುವ ಗಂಡಸರು ಮರದ ಹಿಂದೆ ಬಂದು ನಿಲ್ಲುತ್ತಿದ್ದರು.

"ಥೂ, ನಿಮ್ಮನೆ ಬಚ್ಚಲು ಏನಾಯ್ತ್ರೋ!"

"ಹೆಸರೇ ಉಚ್ಚೆಕಾಯಿ ಮರ ಕಣಕ್ಕ. ನಮ್ದೇನು ತಪ್ಪು?"

ಒಂದು ಶುಕ್ರವಾರ ಅವಳು ಕಾಂಡಕ್ಕೆ ಅರಿಶಿನ ಬಳಿದು, ಕುಂಕುಮವಿಟ್ಟು, ಬುಡದಲ್ಲಿ ಮೂರು ಕಲ್ಲು ನಿಲ್ಲಿಸಿದಳು. ಉಳಿದ ಹೂವನ್ನು ಮುಡಿಸಿದಳು. ಅಂದಿನಿಂದ ಆ ಕಾಟ ನಿಂತಿತು. ಮುಂದಿನ ಶುಕ್ರವಾರ ಬೇರೆ ಯಾರೋ ಊದುಬತ್ತಿ ಹಚ್ಚಿದರು. ಹೆಸರು ತಾನಾಗಿ ಬದಲಾಯಿತು. ನೀರುಕಾಯಿ ಹೋಗಿ ನೀರುಕಾಯಮ್ಮ ಆಯಿತು. ಸ್ವಲ್ಪ ಕಾಲದಲ್ಲೇ ಹೊಸಬರಿಗೆ ಅದರ ಅರ್ಥವನ್ನೂ ಹೇಳತೊಡಗಿದರು: "ನೀರು ಕಾಯೋ ಅಮ್ಮ ಕಣ್ರೀ. ಅವಳಿಂದ್ಲೇ ನಮ್ ರಸ್ತೆ ಬೋರ್‌ವೆಲ್ಲು ಬತ್ತಿಲ್ಲ." ಕಾಯಿ ಎಂಬುದು ಕಾಯುವುದಾದದ್ದನ್ನು ಚೆನ್ನಾಜಮ್ಮ ಕೇಳಿಸಿಕೊಂಡು, ಸೆರಗಿನಲ್ಲಿ ನಗು ಮುಚ್ಚಿಕೊಂಡು, ಮಾಲೆಗೆ ಇನ್ನೊಂದು ಗಂಟು ಹಾಕಿದಳು. ಈಗ ವ್ಯಾಪಾರ ಚೆನ್ನಾಗಿತ್ತು.

ಅಷ್ಟರಲ್ಲಿ ಮರ ನನ್ನನ್ನು ತುಂಬಿಕೊಂಡಿತ್ತು. ಕಾಂಡ ಸರಳುಗಳನ್ನು ಒತ್ತಿತು. ಒತ್ತಿದಲ್ಲಿ ತೊಗಟೆ ಉಬ್ಬಿ, ತುಟಿಯಂತೆ ಮಡಚಿ, ನನ್ನನ್ನು ಒಳಕ್ಕೆ ಎಳೆದುಕೊಂಡಿತು. ನೋವಾಗುತ್ತಿತ್ತು, ಯಾರಿಗೆ ಎಂದು ಹೇಳಲಾರೆ. ಫಲಕವನ್ನೂ ನುಂಗಿತು. ಮೊದಲು 'ದಾನಿಗಳು' ಹೋಯಿತು, ಆಮೇಲೆ 'ಪುಟ್ಟ'. ಕೆಲಕಾಲ 'ರುದ್ರಯ್ಯ' ಎಂದು ಉಳಿದು, ಕೊನೆಗೆ 'ಯ್ಯ' ಒಂದೇ ಹೊರಗಿತ್ತು. ಅದೂ ಮುಚ್ಚಿದ ದಿನ ನನಗೆ ಕತ್ತಲಾಯಿತು. ಆಮೇಲೆ ಹೊರಗಿನದೆಲ್ಲ ನನಗೆ ತಿಳಿದದ್ದು ತೊಗಟೆಗೆ ಮುಟ್ಟುವ ಸದ್ದಿನಿಂದ, ಬುಡದಲ್ಲಿ ಕೂತವರ ಮಾತಿನಿಂದ.

ಒಳಗಿನ ಕತ್ತಲಲ್ಲಿ ನಾನು ಕಂಡದ್ದನ್ನು ಹೊರಗಿನವರು ಕಾಣಲಿಲ್ಲ. ನನ್ನ ಸರಳು ಹೊಕ್ಕ ದಾರಿಯಲ್ಲೇ ಮಳೆನೀರು ಹೊಕ್ಕಿತು. ನೀರಿನ ಹಿಂದೆ ಬಿಳಿಯ ನೂಲಿನಂಥದು ಬಂತು. ಅದು ಆತುರ ಪಡಲಿಲ್ಲ. ಮರದ ನಾರನ್ನು ಒಂದೊಂದಾಗಿ ಮೃದು ಮಾಡುತ್ತ ನಡುವಿಗೆ ಹೋಯಿತು. ಹೊರಗೆ ಹೂ ಪ್ರತಿ ವರ್ಷ ಹೆಚ್ಚಾಗುತ್ತಿತ್ತು, ಒಳಗೆ ಪ್ರತಿ ವರ್ಷ ಟೊಳ್ಳು ಹೆಚ್ಚಾಗುತ್ತಿತ್ತು. ಒಂದು ಮಳೆಗಾಲದ ಕೊನೆಗೆ ಆ ನೂಲು ತೊಗಟೆಯ ಹೊರಗೂ ಬಂತು: ಎರಡು ದಪ್ಪ ಅಣಬೆ, ಅಕ್ಕಪಕ್ಕ, ಅಂಚು ಮಡಚಿಕೊಂಡು.

"ಅಮ್ಮನ ಕಿವಿ!" ಎಂದರು ಜನ.

ಅಂದಿನಿಂದ ಹೆಂಗಸರು ಬಂದು ಆ ಕಿವಿಗಳಿಗೆ ಅರಿಶಿನ ಹಚ್ಚಿ, ಬಾಯಿ ಹತ್ತಿರ ತಂದು ಬೇಡಿಕೆ ಪಿಸುಗುಟ್ಟುತ್ತಿದ್ದರು. ಮಗನಿಗೆ ಕೆಲಸ, ಗಂಡನ ಕುಡಿತ, ಬಾರದ ಮುಟ್ಟು, ಬಿಡದ ಜ್ವರ. ಅವೆಲ್ಲ ಕೊಳೆತ ಮರದ ಮೂಲಕ ಇಳಿದು ನನಗೆ ಮುಟ್ಟುತ್ತಿದ್ದವು. ಕೇಳುತ್ತಿದ್ದದ್ದು ಒಂದು ತುಕ್ಕು ಹಿಡಿದ ಪಂಜರ ಎಂದು ಅವರಿಗೆ ತಿಳಿದಿರಲಿಲ್ಲ.

ವಸುಮತಿಯವರು ಊರಿಗೆ ಮರಳಿದಾಗ ಅವರ ತಲೆ ನರೆತಿತ್ತು. ಮರದ ಮುಂದೆ ಬಂದವರು ಆ ಕಿವಿಗಳನ್ನು ನೋಡಿ ನಿಂತುಬಿಟ್ಟರು. ಮರದ ಸುತ್ತಿಗೆಯೊಂದನ್ನು ತಂದು ಸುತ್ತಲೂ ಬಡಿದರು. ಆ ಶಬ್ದ ನನ್ನ ಸುತ್ತ ಖಾಲಿ ಡ್ರಮ್ಮಿನಂತೆ ಮೊಳಗಿತು.

"ಇದು ಕಿವಿ ಅಲ್ಲ ಚೆನ್ನಾಜಮ್ಮ. ಒಳಗೆ ಕೊಳೆತಿರೋದು ಹೊರಗೆ ಬಂದಿರೋದು. ನೀನು ಕೂರೋ ಕಡೆಗೇ ವಾಲಿದೆ, ನೋಡು."

"ಅಮ್ಮ ನನ್ ಕಡೆ ಬಗ್ಗಿ ನೋಡ್ತಾವ್ಳೆ ಅಂತಾರೆ ಮೇಡಮ್ಮೋರೆ" ಎಂದಳು ಚೆನ್ನಾಜಮ್ಮ. ನಗಲು ನೋಡಿದಳು, ಆಗಲಿಲ್ಲ.

ವಸುಮತಿಯವರು ಕಚೇರಿಗಳಿಗೆ ಅಲೆದರು. ಕೊನೆಗೆ ಒಂದು ಬೆಳಿಗ್ಗೆ ಮರ ಕಡಿಯುವವರು ಬಂದರು. ಮೇಸ್ತ್ರಿ ಕೆಂಪರಾಜು ಮೇಲೆ ಹಗ್ಗ ಬಿಗಿದು, ಸೊಂಟದ ಎತ್ತರಕ್ಕೆ ಯಂತ್ರದ ಗರಗಸ ಇಟ್ಟ. ರಸ್ತೆಯವರೆಲ್ಲ ಮುಖ ಸಿಂಡರಿಸಿಕೊಂಡು ನಿಂತಿದ್ದರು. ಹಲ್ಲುಗಳು ಮೆದು ಮರವನ್ನು ಹಿಟ್ಟು ಮಾಡುತ್ತ ಒಳಗೆ ಬಂದವು. ಬಂದು ನನ್ನ ನಡುವಿನ ಬಳೆಗೆ ತಾಗಿದವು.

ಆ ಬಿಳಿ ಬೆಳಕು, ಹುಟ್ಟಿದ ದಿನ ಕಂಡದ್ದು, ಮತ್ತೆ ಕಂಡಿತು. ಕಿಡಿ ಸಿಡಿದು ಹೊರಗೆ ಚಿಮ್ಮಿತು. ಗರಗಸದ ಸರಪಳಿ ಹರಿದು ಕೆಂಪರಾಜುವಿನ ತೋಳನ್ನು ಸೀಳಿತು.

ಹೆಂಗಸರು ಚೀರಿದರು. ಯಾರೋ ನೆಲಕ್ಕೆ ಬಿದ್ದು ಕೈಮುಗಿದರು.

ಕೆಂಪರಾಜು ರಕ್ತದ ಮೇಲೆ ಟವೆಲು ಒತ್ತಿ ಹಿಡಿದು, "ಒಳಗೆ ಕಬ್ಬಿಣ ಗಿಬ್ಬಿಣ ಐತೇನ್ರೀ?" ಎಂದು ಕೇಳಿದ.

"ನಾನೇ ನೆಡಿಸಿದ ಮರ. ಒಂದು ಮೊಳೆ ಹೊಡಿಯೋಕೂ ಯಾರನ್ನೂ ಬಿಟ್ಟಿಲ್ಲ" ಎಂದರು ಪುಟ್ಟರುದ್ರಯ್ಯ. ಅವರಿಗೆ ನನ್ನ ನೆನಪಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

"ಹಂಗಾದ್ರೆ ನನ್ ಕೈಲಾಗಲ್ಲ ಸ್ವಾಮಿ. ಅವಳಿಗೆ ಇಷ್ಟ ಇಲ್ಲ."

ವಸುಮತಿಯವರು ಗುಂಪನ್ನು ಸೀಳಿ ಬಂದರು. "ಆಗ ಇದಕ್ಕೊಂದು ಪಂಜರ ಹಾಕಿದ್ರಲ್ಲ, ಅದೆಲ್ಲಿ?"

"ಅದನ್ನ ಯಾವಾಗ್ಲೋ ಬಿಚ್ಚಿಸಿದ್ವಿ ಮೇಡಂ" ಎಂದರು ಪುಟ್ಟರುದ್ರಯ್ಯ.

ವಸುಮತಿಯವರು ಅವರನ್ನು ನಂಬದೆ ಚೆನ್ನಾಜಮ್ಮನ ಕಡೆ ತಿರುಗಿದರು. "ನೀನು ದಿನಾ ಇಲ್ಲೇ ಕೂತವಳು. ಬಿಚ್ಚಿದ್ದು ನೋಡಿದ್ಯಾ?"

ಅವಳು ಎಲ್ಲವನ್ನೂ ನೋಡಿದ್ದಳು. ಒಂದೊಂದು ಅಕ್ಷರವೂ ಒಳಗೆ ಹೋದದ್ದನ್ನು, ಜೋಲಿ ಕಟ್ಟಿದ್ದ ಬಳೆ ತೊಗಟೆಯಲ್ಲಿ ಮುಳುಗಿದ್ದನ್ನು. ಅವಳ ಬೆನ್ನಿಗೆ ನನ್ನ ಸರಳುಗಳ ಲೆಕ್ಕ ಗೊತ್ತಿತ್ತು. ಅವಳು ಮೊದಲು ತನ್ನ ಹೂವಿನ ಬುಟ್ಟಿಯನ್ನು ನೋಡಿದಳು, ಆಮೇಲೆ ಎದುರು ಬದಿಯ ಉರಿಬಿಸಿಲನ್ನು.

"ನಂಗ್ ಗೊತ್ತಿಲ್ಲ ಮೇಡಮ್ಮೋರೆ" ಎಂದಳು.

ಜನ ಸುಮ್ಮನೆ ಕೂರಲಿಲ್ಲ. ಕಡಿದ ಗಾಯಕ್ಕೆ ಸಿಮೆಂಟು ಮೆತ್ತಿ ಅರಿಶಿನ ಬಳಿದರು. ಮರದ ಬುಡಕ್ಕೆ ಮೊಳಕಾಲೆತ್ತರ ಮಣ್ಣು ತುಂಬಿ ಸುತ್ತ ಕಟ್ಟೆ ಕಟ್ಟಿದರು. ಅದರ ಮೇಲೆ ನುಣ್ಣನೆಯ ಕಲ್ಲು ಹಾಸಿದರು. ಕೆಳಗೆ ಬೇರು ಉಸಿರಿಗೆ ತಡಕಾಡುತ್ತಿತ್ತು. ಮರು ವರ್ಷ ಮೋರಿ ಅಗಲ ಮಾಡುವವರು ಬಂದು ಹಿಂಬದಿಯ ಬೇರುಗಳನ್ನು ಸಾಲಾಗಿ ಕತ್ತರಿಸಿ ಹೋದರು. ವಾಲಿದ ಮರವನ್ನು ಹಿಡಿದೆಳೆದು ನಿಲ್ಲಿಸಿದ್ದುದು ಆ ಬೇರುಗಳೇ. ಅಂದಿನಿಂದ ಗಾಳಿ ಬೀಸಿದಾಗಲೆಲ್ಲ ಒಳಗೆ ಒಂದು ಸಣ್ಣ ಸದ್ದು ಹುಟ್ಟುತ್ತಿತ್ತು. ಒಣ ಹಗ್ಗ ತಿರುಚಿದಂತೆ. ನನಗೆ ಬಾಯಿದ್ದರೆ ಕೂಗುತ್ತಿದ್ದೆ.

ಚೆನ್ನಾಜಮ್ಮನಿಗೂ ಅದು ಕೇಳುತ್ತಿತ್ತೆಂದು ನನ್ನ ಊಹೆ. ಮಾತಾಡುತ್ತಿದ್ದವಳು ತಟ್ಟನೆ ನಿಲ್ಲಿಸಿ ಮೇಲೆ ನೋಡುತ್ತಿದ್ದಳು. ಯಾರಾದರೂ ಕೇಳಿದರೆ "ಏನಿಲ್ಲ, ಬಿದ್ರೆ ನನ್ ತಲೆ ಮೇಲೆ ತಾನೆ" ಎನ್ನುತ್ತಿದ್ದಳು. ಆದರೆ ಅವಳ ಮಂಡಿ ನೋವು ಹೆಚ್ಚಾಯಿತು. ಸರೋಜಿ ಗಂಡನ ಮನೆ ಬಿಟ್ಟು ಬಂದಿದ್ದಳು. ಬುಟ್ಟಿ ಮಗಳ ಕೈಗೆ ಹೋಯಿತು, ಜಾಗವೂ ಹೋಯಿತು.

ಸರೋಜಿ ಕಟ್ಟೆಯ ಮೇಲೆ ಕೂತ ಮೊದಲ ವಾರವೇ ಚೆನ್ನಾಜಮ್ಮ ಪುಟ್ಟರುದ್ರಯ್ಯನವರನ್ನು ಮರದ ಹತ್ತಿರವೇ ತಡೆದು ನಿಲ್ಲಿಸಿದಳು.

"ಯಜಮಾನ್ರೇ, ಅವತ್ತು ಗರಗಸಕ್ಕೆ ಸಿಕ್ಕಿದ್ದು ನಿಮ್ ಪಂಜರ. ಅಮ್ಮ ಅಲ್ಲ. ಇದನ್ನ ತೆಗೆಸಿಬಿಡಿ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಮೊದಲು ಅರಿಶಿನ ಹಚ್ಚಿದೋಳು ನೀನು. ಈಗ ನೀನೇ ಅಮ್ಮ ಇಲ್ಲ ಅಂದ್ರೆ, ನಿನ್ ಹತ್ರ ಹೂವು ತಗೊಳ್ಳೋರು ಯಾರು? ನಿನ್ ಮಗಳು ಏನ್ ತಿಂತಾಳೆ?"

"ನನ್ ಮಗಳು ಇದ್ರೆ ತಾನೆ ತಿನ್ನೋದು?"

"ಬಾಯಿ ಮುಚ್ಚು. ಇಷ್ಟು ವರ್ಷ ಬೀಳದ್ದು ಈಗ ಬೀಳ್ತದಾ?"

ಸರೋಜಿಯೂ ತಾಯಿಯ ಮಾತು ಕೇಳಲಿಲ್ಲ. "ಎದುರುಗಡೆ ಬಿಸಿಲಲ್ಲಿ ಕೂತ್ಕೊಂಡು ಒಣಗಿದ ಹೂವ ಯಾರಿಗ್ ಮಾರ್ಲಿ? ನೀನೇ ಹುಟ್ಟಿಸಿದ ದೇವ್ರು, ನಿಂಗೇ ಭಯ!" ಎಂದು ನಕ್ಕಳು.

ಆ ಮೇ ತಿಂಗಳ ಒಂದು ಮಧ್ಯಾಹ್ನ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಮೊದಲು ಧೂಳು, ಆಮೇಲೆ ದಪ್ಪ ಹನಿ, ಆಮೇಲೆ ಆಲಿಕಲ್ಲು. ದಾರಿಯಲ್ಲಿದ್ದವರೆಲ್ಲ ಕಟ್ಟೆಗೆ ಓಡಿ ಬಂದರು. ಬೈಕಿನವರು, ಶಾಲೆಯಿಂದ ಮಕ್ಕಳನ್ನು ಕರೆತರುತ್ತಿದ್ದ ತಾಯಂದಿರು, ತರಕಾರಿ ಗಾಡಿಯವನು. ನಡುವೆ ಸರೋಜಿ, ಬುಟ್ಟಿಗೆ ಪ್ಲಾಸ್ಟಿಕ್ಕು ಹೊದಿಸುತ್ತ. ಗಾಳಿ ಹಿಂಬದಿಯಿಂದ ನುಗ್ಗಿತು, ಬಹಳ ಹಿಂದೆ ವಸುಮತಿಯವರು ಕೇಳಿ ತಿಳಿದುಕೊಂಡಿದ್ದ ದಿಕ್ಕಿನಿಂದಲೇ. ನನ್ನ ಕೆಳಗಿನ ಬಳೆಯ ಹತ್ತಿರ ಮೊದಲ ನಾರು ಹರಿಯಿತು.

ಚೆನ್ನಾಜಮ್ಮ ಓಣಿಯಿಂದ ಕುಂಟುತ್ತ ಬಂದಳು. "ಈಚೆ ಬನ್ರಪ್ಪಾ! ಮರ ಬೀಳ್ತದೆ! ಸರೋಜೀ, ಬಾರೇ!"

ಯಾರೂ ಅಲುಗಲಿಲ್ಲ. "ನೀನೇ ಒಳಗ್ ಬಾ ಅಜ್ಜಿ, ನೆನೀತೀಯ" ಎಂದು ಒಬ್ಬ ಕರೆದ.

ಅವಳು ಒಂದು ಕ್ಷಣ ಮಳೆಯಲ್ಲಿ ನಿಂತಳು. ಆಮೇಲೆ ತುರುಬು ಬಿಚ್ಚಿದಳು. ತಲೆ ಕೆದರಿಕೊಂಡು, ಕಣ್ಣು ಮೇಲೆ ಮಾಡಿ, ನಾನು ಎಂದೂ ಕೇಳಿರದ ದನಿಯಲ್ಲಿ ಕಿರುಚುತ್ತ ಕಟ್ಟೆ ಹತ್ತಿದಳು.

"ಚಪ್ಪಲಿ ಕಾಲಲ್ಲಿ ನನ್ ಮಡಿಲು ತುಳೀತೀರೇನ್ರೋ! ತೊಲಗ್ರೋ! ನನ್ ನೆರಳು ಮುಟ್ಟಿದ್ರೆ ಒಬ್ಬೊಬ್ಬರನ್ನೂ ನುಂಗ್ತೀನಿ!"

"ಅಮ್ಮ ಬಂದ್ಲು! ಅಮ್ಮ ಬಂದ್ಲು!" ಒಬ್ಬರ ಮೇಲೊಬ್ಬರು ಬಿದ್ದು ರಸ್ತೆಗೆ ಧುಮುಕಿದರು. ಸರೋಜಿ ಹೋಗದೆ ತಾಯಿಯನ್ನು ಹಿಡಿಯಲು ಬಂದಳು. ಚೆನ್ನಾಜಮ್ಮ ಅವಳನ್ನು ಎರಡೂ ಕೈಯಿಂದ ತಳ್ಳಿಬಿಟ್ಟಳು.

ಆಮೇಲೆ ಮರ ಬಿತ್ತು. ಅದು ದೊಡ್ಡ ಸದ್ದೇನೂ ಮಾಡಲಿಲ್ಲ. ಒಳಗೆ ಸದ್ದು ಮಾಡುವಷ್ಟು ಮರ ಉಳಿದಿರಲಿಲ್ಲ.

ಕಾಂಡ ನನ್ನ ನಡುವಿನಲ್ಲೇ ಒಡೆದಿತ್ತು. ಎಷ್ಟೋ ವರ್ಷಗಳ ಮೇಲೆ ನನಗೆ ಬೆಳಕು ಕಂಡಿತು. ಒಂದು ಕೊಂಬೆಯ ಕೆಳಗೆ ಚೆನ್ನಾಜಮ್ಮನ ಬಲಗಾಲು ಸಿಕ್ಕಿತ್ತು. ಜನ ಕೊಂಬೆ ಎತ್ತಿ ಅವಳನ್ನು ಆಟೋಗೆ ಹಾಕುತ್ತಿರುವಾಗ ಪುಟ್ಟರುದ್ರಯ್ಯ ಕೊಡೆ ಹಿಡಿದು ಬಂದರು. ಸೀಳಿದ ಕಾಂಡದಲ್ಲಿ ನನ್ನ ಫಲಕ ಅವರ ಮುಖಕ್ಕೆ ಎದುರಾಗಿತ್ತು. ಅಂಚು ತುಕ್ಕು ತಿಂದಿದ್ದರೂ, ಸಾಬರು ಆಳವಾಗಿ ಕೊರೆದ ಅಕ್ಷರ ಹಾಗೇ ಇತ್ತು. ಅವರು ತಮ್ಮ ಹೆಸರನ್ನು ಓದಿದರು. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಅದರ ಮೇಲೆ ಹೊದಿಸಿದರು. ಆಟೋದಲ್ಲಿ ಮಲಗಿದ್ದ ಚೆನ್ನಾಜಮ್ಮ ಅದನ್ನು ನೋಡಿದಳು.

ಮರುದಿನವೇ ನನ್ನ ತುಂಡುಗಳು ಗುಜರಿಗೆ ಬಂದವು. ಗುಜರಿ ಅಂಗಡಿ ದಸ್ತಗೀರ್ ಸಾಬರ ಶೆಡ್ಡಿಗೆ ಅಂಟಿಕೊಂಡೇ ಇತ್ತು. ಅಲ್ಲಿಗೆ ಬರುವವರು ಹೇಳುವ ಸುದ್ದಿ ಒಂದೇ: ಅಮ್ಮ ಮೈಮೇಲೆ ಬಂದು ಇಡೀ ರಸ್ತೆಯನ್ನು ಉಳಿಸಿದಳು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಚೆನ್ನಾಜಮ್ಮ "ನಾಟ್ಕ ಆಡ್ದೆ ಕಣ್ರಮ್ಮಾ, ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ" ಎಂದಳಂತೆ. "ಹಂಗ್ ಆಡಿಸಿದೋಳೂ ಅವಳೇ" ಎಂದು ಜನ ಅವಳ ಕಾಲಿಗೇ ನಮಸ್ಕರಿಸಿದರಂತೆ. ಒಡೆದ ಕಟ್ಟೆಯ ಬಿರುಕಿನಲ್ಲಿ ಉಳಿದ ಬೇರಿನಿಂದ ಚಿಗುರು ಬಂದಿದೆಯಂತೆ. ಅದಕ್ಕಾಗಲೇ ಯಾರೋ ಅರಿಶಿನದ ದಾರ ಕಟ್ಟಿದ್ದಾರಂತೆ.

ಊರುಗೋಲು ಹಿಡಿದು ಅವಳೇ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದಳು. ರಾಶಿಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದ ಫಲಕವನ್ನು ತಿರುಗಿಸಿದಳು. ಮುದುಕರಾದ ಸಾಬರು ಪಕ್ಕದಿಂದ ಬಂದು ಅಕ್ಷರಗಳ ಮೇಲೆ ಬೆರಳಾಡಿಸಿದರು. "ನನ್ ಕೈ ಕೆಲಸ ಇದು. ತಗೊಂಡ್ ಹೋಗವ್ವಾ." ಶೆಡ್ಡಿನೊಳಗೆ ಅವರ ಮಗ ಒಂದು ಹೊಸ ಪಂಜರ ಬೆಸೆಯುತ್ತಿದ್ದ. ಅದರ ಎದೆಗೂ ಒಂದು ಫಲಕ ಕಾದಿತ್ತು, ಅದೇ ಹೆಸರಿಗೆ.

ನನ್ನ ಸರಳುಗಳು ಎಲ್ಲಿಗೆ ಹೋದವೋ ತಿಳಿಯದು. ಉಳಿದದ್ದು ಈ ಫಲಕ ಮಾತ್ರ. ಈಗ ನಾನು ಚೆನ್ನಾಜಮ್ಮನ ಮಡಿಲಲ್ಲಿ, ಹೂ ಚಿವುಟುವ ಹಲಗೆಯಾಗಿ ಇದ್ದೇನೆ. ಅವಳೂ ಸರೋಜಿಯೂ ಎದುರು ಬದಿಯ ಬಿಸಿಲಲ್ಲಿ, ಒಂದು ಕೊಡೆಯ ಕೆಳಗೆ ಕೂರುತ್ತಾರೆ. ಹೂ ಮಧ್ಯಾಹ್ನಕ್ಕೇ ಬಾಡುತ್ತದೆ. ಪುಟ್ಟರುದ್ರಯ್ಯ ಹಾದುಹೋಗುವಾಗ ಅವಳು ನನ್ನನ್ನು ಎದ್ದು ಕಾಣುವಂತೆ ಎತ್ತಿ ಒರೆಸುತ್ತಾಳೆ. ಅವರು ಬೇರೆ ಕಡೆ ನೋಡುತ್ತಾರೆ.

ಕಟ್ಟೆಯ ಪಕ್ಕದಲ್ಲಿ ವಸುಮತಿಯವರು ಒಂದು ಹೊಂಗೆ ಸಸಿ ನೆಟ್ಟಿದ್ದಾರೆ. ಅದಕ್ಕೆ ಪಂಜರವಿಲ್ಲ, ಮುಳ್ಳುಕೊಂಬೆ ಅಷ್ಟೇ. ಮೇಕೆ ಒಮ್ಮೆ ತಿಂದು ಹೋಗಿದೆ, ಮತ್ತೆ ಎಲೆ ಇಡುತ್ತಿದೆ, ನಿಧಾನವಾಗಿ. ಕಟ್ಟೆಯ ಚಿಗುರನ್ನೂ ಈ ಸಸಿಯನ್ನೂ ತೋರಿಸಿ ಪುಟ್ಟರುದ್ರಯ್ಯ ಸಭೆಯಲ್ಲಿ ತೀರ್ಮಾನ ಹೇಳಿಬಿಟ್ಟಿದ್ದಾರೆ: "ಜಗಳ ಯಾಕೆ? ಮಳೆಗಾಲ ಮುಗಿಯೋ ಹೊತ್ತಿಗೆ ಯಾವುದು ಮುಂದೆ ಬರ್ತದೋ, ಪಂಜರ ಅದಕ್ಕೆ."

ದಿನವೂ ಬೆಳಕು ಹರಿಯುವ ಹೊತ್ತಿಗೆ, ಬೀದಿಯ ಬಾಗಿಲುಗಳು ತೆರೆಯುವ ಮೊದಲು, ಚೆನ್ನಾಜಮ್ಮ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಕಟ್ಟೆಗೆ ಬರುತ್ತಾಳೆ. ಬಿರುಕಿನಲ್ಲಿ ಮತ್ತೆ ಬಂದ ಚಿಗುರನ್ನು, ಹೂವಿನ ತೊಟ್ಟು ಚಿವುಟುವ ಅದೇ ಉಗುರಿನಿಂದ, ಚಿವುಟಿ ಹಾಕುತ್ತಾಳೆ. ಆಮೇಲೆ ಕೈಮುಗಿಯುತ್ತಾಳೆ. ಯಾರಾದರೂ ನೋಡಿದರೆ ಪೂಜೆ ಎಂದುಕೊಳ್ಳಲಿ ಎಂದೋ, ಬೇರೆ ಏನೋ, ನನಗೆ ಗೊತ್ತಿಲ್ಲ.

ಒಂದು ಸಸಿಯನ್ನು ಕಾಯಲೆಂದು ನನ್ನನ್ನು ಮಾಡಿದರು. ಈ ಇಳಿವಯಸ್ಸಿನಲ್ಲಿ ನಾನು ಅದೇ ಬೇರು ಮತ್ತೆ ಮರವಾಗದಂತೆ ಕಾಯುವವಳ ಜೊತೆಗಿದ್ದೇನೆ. ಅವಳಿಗೂ ವಯಸ್ಸಾಯಿತು. ಕಲ್ಲಿನ ಕೆಳಗೆ ಬೇರು ತೊಡೆಯಷ್ಟು ದಪ್ಪವಿದೆ. ಇಂದು ಬೆಳಿಗ್ಗೆ ಚಿಗುರು ಒಂದಲ್ಲ, ಮೂರು ಕಡೆ ಬಂದಿತ್ತು. ಅವಳು ಎರಡನ್ನು ಚಿವುಟುವಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು.